ಕಾವಲುಗಾರನನ್ನು ಕಾಯುವವರು ಯಾರು?

ನಮ್ಮ ಸಭೆಗಳಲ್ಲಿ ಆದಿತ್ಯವಾರದ ಆರಾಧನೆಯ ವೇಳೆ ದೇಶದ ಗಡಿಗಳನ್ನು ಕಾಯುವ ಸಿಪಾಯಿಗಳಿಗೋಸ್ಕರ ಪ್ರಾರ್ಥಿಸುವ ವಾಡಿಕೆ ಉಂಟು. ಶತ್ರುವಿನ ಗುಂಡು ಅವರಿಗೆ ತಗಲದಿರಲಿ, ಹಿಮವೂ ಬಿಸಿಲೂ ಅವರನ್ನು ಬಾಧಿಸದಿರಲಿ ಎಂದು ನಾವು ಬೇಡಿಕೊಳ್ಳುತ್ತೇವೆ. ಇದು ಯೋಗ್ಯವಾದ ಪ್ರಾರ್ಥನೆಯೇ. ಆದರೂ ಇದು ಅರ್ಧ ಪ್ರಾರ್ಥನೆಯೆಂದು ಹೇಳಬೇಕಾಗಿದೆ. ಯಾಕಂದರೆ ಸಿಪಾಯಿಯ ಪ್ರಾಣಕ್ಕೆ ಬರುವ ಅಪಾಯವು ಯಾವಾಗಲೂ ಗಡಿಯ ಆಚೆಯಿಂದ ಬರುವದಿಲ್ಲ. ಕೆಲವು ಸಾರಿ ಅದು ಅವನ ಹೃದಯದೊಳಗಿಂದಲೇ ಎದ್ದು, ಅವನ ಕೈಯಲ್ಲಿರುವ ಆಯುಧವನ್ನು ಅವನ ಮೇಲೆಯೋ ಅವನ ಜೊತೆಗಾರರ ಮೇಲೆಯೋ ತಿರುಗಿಸುತ್ತದೆ.

ಇದು ಅಪರೂಪದ ಸಂಗತಿಯೆಂದು ಯಾರೂ ಎಣಿಸಬಾರದು. ಅಮೇರಿಕಾ ದೇಶದವರು 2001ನೇ ಇಸವಿಯಿಂದ ನಡಿಸಿದ ಯುದ್ಧಗಳ ಕುರಿತು ಬ್ರೌನ್ ವಿಶ್ವವಿದ್ಯಾಲಯದವರು 2021ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಆ ಯುದ್ಧಕಾರ್ಯಗಳಲ್ಲಿ ಸತ್ತ ಅವರ ಸಿಪಾಯಿಗಳು 7,057 ಮಂದಿ. ಅದೇ ಕಾಲದಲ್ಲಿ ಸೇವೆ ಮಾಡಿದವರೊಳಗೆ ಆತ್ಮಹತ್ಯೆಯಿಂದ ಸತ್ತವರು 30,177 ಮಂದಿ ಎಂದು ಅಲ್ಲಿ ಅಂದಾಜು ಮಾಡಲಾಗಿತ್ತು. ಶತ್ರುವು ಕೊಂದವರಿಗಿಂತ ನಾಲ್ಕು ಪಾಲಿಗೂ ಹೆಚ್ಚು ಮಂದಿ ಮನೋವ್ಯಥೆಯಿಂದ ನಾಶವಾದರು. ನಮ್ಮ ದೇಶದ ಸೈನ್ಯವೂ ಈ ದುಃಖದಿಂದ ತಪ್ಪಿಸಿಕೊಂಡಿಲ್ಲ. 2010ನೇ ಇಸವಿಯ ನಂತರದ ವರುಷಗಳಲ್ಲಿ ಭೂಸೇನೆಯೊಂದರಲ್ಲೇ ವರುಷಕ್ಕೆ ಸುಮಾರು ನೂರರ ಆಸುಪಾಸಿನಲ್ಲಿ ಇಂಥ ಮರಣಗಳು ಆದವೆಂದು ಸರಕಾರವೇ ಪಾರ್ಲಿಮೆಂಟಿಗೆ ತಿಳಿಸಿದೆ. ಅವರಲ್ಲಿ ಬಹಳ ಮಂದಿ ನಮ್ಮಂಥ ಹಳ್ಳಿಗಳ ಮಕ್ಕಳೇ.

ಆದದರಿಂದ ಈ ತಿಂಗಳು ನಾವು ಒಂದು ಪ್ರಶ್ನೆಯನ್ನು ವಾಚಕರ ಮುಂದೆ ಇಡುತ್ತೇವೆ. ಹೀಗೆ ಮನಸ್ಸು ಮುರಿದ ಸಿಪಾಯಿಯ ವಿಷಯದಲ್ಲಿ ಲೆಕ್ಕ ಒಪ್ಪಿಸಬೇಕಾದವರು ಯಾರು? ಅವನೊಬ್ಬನೇಯೋ? ಇಲ್ಲವೆ ಅವನ ಸುತ್ತಲೂ ಇದ್ದವರೂ, ಮನೆಯಲ್ಲಿ ಉಳಿದ ನಾವೂ ಸಹ ಉತ್ತರ ಕೊಡಬೇಕೋ?

ಮೊದಲು ಅರಸನಾದ ಸೌಲನ ಚರಿತ್ರೆಯನ್ನು ನೆನಸೋಣ. ಅವನು ಯುದ್ಧವೀರನು; ಹೆದರುಪುಕ್ಕನೆಂದು ಅವನನ್ನು ಯಾರೂ ಕರೆಯಲಾರರು. ಆದರೆ ಅವನ ಮನಸ್ಸಿಗೆ ವ್ಯಥೆ ಹಿಡಿಯಿತು. ಆ ವ್ಯಥೆಯು ಮೊದಲು ಬೇರೆಯವರ ಮೇಲೆ ಹೊರಟಿತು. ತನ್ನ ಮುಂದೆ ಕಿನ್ನರಿ ನುಡಿಸುತ್ತಿದ್ದ ದಾವೀದನ ಮೇಲೆ ಅವನು ಈಟಿಯನ್ನು ಎಸೆದನು; ಅನಂತರ ಸ್ವಂತ ಮಗನಾದ ಯೋನಾತಾನನ ಮೇಲೆಯೂ ಅದನ್ನು ಎತ್ತಿದನು. ಕಡೆಗೆ ಗಿಲ್ಬೋವ ಬೆಟ್ಟದಲ್ಲಿ ತನ್ನ ಕತ್ತಿಯ ಮೇಲೆ ತಾನೇ ಬಿದ್ದನು. ಅದನ್ನು ಕಂಡ ಅವನ ಆಯುಧ ಹೊರುವವನೂ ಹಾಗೆಯೇ ಮಾಡಿದನು. ಇದರಲ್ಲಿ ನಾವು ಕಲಿಯತಕ್ಕ ಪಾಠಗಳು ಎರಡು. ಮನೆಯವರ ಮೇಲೆ ಎತ್ತಿದ ಈಟಿಯೂ ತನ್ನ ಮೇಲೆ ತಿರುಗಿದ ಕತ್ತಿಯೂ ಒಂದೇ ಕೈಯವು, ಒಂದೇ ವ್ಯಥೆಯ ಎರಡು ಫಲಗಳು. ಮತ್ತು ಒಬ್ಬನ ನಾಶವು ಪಕ್ಕದಲ್ಲಿ ನಿಂತವನನ್ನೂ ಎಳೆದುಕೊಂಡು ಹೋಗಬಲ್ಲದು.

ಇನ್ನೊಂದು ಮಾತನ್ನು ನಾವು ಎಷ್ಟೋ ಸಾರಿ ಓದಿದರೂ ಗಮನಿಸುವದಿಲ್ಲ. ಸೌಲನು ಸಾಯುವದಕ್ಕೆ ಹಿಂದಿನ ರಾತ್ರಿ ಹಗಲಿರುಳು ಏನೂ ತಿಂದಿರಲಿಲ್ಲ. ಅವನ ನಡುಕವನ್ನು ಕಂಡು, ಬಲವಂತದಿಂದ ರೊಟ್ಟಿ ಸುಟ್ಟು ಬಡಿಸಿದವಳು ಏಂದೋರಿನಲ್ಲಿ ಅಡಗಿದ್ದ ಒಬ್ಬ ಮಂತ್ರಗಾತಿಯೇ. ಇಷ್ಟು ದಿವಸಗಳಲ್ಲಿ ಅರಸನ ಪಾಳೆಯದಲ್ಲಿ ಅವನ ಮುಖವನ್ನು ನೋಡಿ, ಒಡೆಯಾ, ನಿನಗೇನಾಯಿತು, ಎಂದು ಕೇಳಿದವರು ಯಾರು? ಆ ಅಧ್ಯಾಯಗಳಲ್ಲಿ ನಮಗೆ ಒಬ್ಬನೂ ಸಿಕ್ಕುವದಿಲ್ಲ.

ಮನಸ್ಸು ಮುರಿದವನನ್ನು ಹೇಡಿಯೆಂದು ಕರೆಯುವದು ಲೋಕದ ಹಳೇ ಅಭ್ಯಾಸ. 1914ರಿಂದ 1918ರ ವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿಗಳ ಸಿಡಿತದ ಕೆಳಗೆ ವಾರಗಟ್ಟಲೆ ಕಂದಕಗಳಲ್ಲಿ ಕುಳಿತ ಸಿಪಾಯಿಗಳಲ್ಲಿ ಅನೇಕರಿಗೆ ಮಾತು ನಿಂತುಹೋಯಿತು, ಕೈಕಾಲು ನಡುಗಿದವು, ನಿದ್ರೆ ಬಾರದೆ ಹೋಯಿತು. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ಈ ಬಾಧೆಯ ಕುರಿತು ಬರೆದು ಅದನ್ನು ವೈದ್ಯರ ಗಮನಕ್ಕೆ ತಂದರು. ಆದರೂ ಆ ಯುದ್ಧದಲ್ಲಿ ಓಡಿಹೋದರೆಂದೂ ಹೆದರಿದರೆಂದೂ ಮೊದಲಾದ ಅಪರಾಧಗಳಿಗಾಗಿ ಬ್ರಿಟಿಷ್ ಸೈನ್ಯದ 306 ಮಂದಿ ಸಿಪಾಯಿಗಳನ್ನು ಅವರ ಕಡೆಯವರೇ ನಿಲ್ಲಿಸಿ ಗುಂಡಿಟ್ಟರು. ಅವರೊಳಗೆ ಮನಸ್ಸು ಕೆಟ್ಟು ರೋಗಿಗಳಾಗಿದ್ದವರೂ ಇದ್ದರು. ಸುಮಾರು ತೊಂಭತ್ತು ವರುಷಗಳಾದ ಮೇಲೆ, 2006ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಆ 306 ಮಂದಿಗೂ ಕ್ಷಮೆಯನ್ನು ಕೊಟ್ಟಿತು. ಮಕ್ಕಳ ಹೆಸರನ್ನು ಊರ ಸ್ಮಾರಕದ ಮೇಲೆ ಕಾಣದೆ ನಾಚಿಕೆಯಿಂದ ತಲೆತಗ್ಗಿಸಿ ಬಾಳಿದ ತಾಯಂದಿರಿಗೆ ಆ ಕ್ಷಮೆಯ ಸುದ್ದಿ ಮುಟ್ಟಲಿಲ್ಲ. ಅವರು ಅದಕ್ಕೆ ಎಷ್ಟೋ ಮೊದಲೇ ಮಣ್ಣಾಗಿದ್ದರು. ರೋಗವನ್ನು ಹೇಡಿತನವೆಂದು ತೀರ್ಪು ಮಾಡಿದ ತಪ್ಪು ಹೀಗೆ ಮೂರು ತಲೆಮಾರುಗಳ ಮೇಲೆ ಕೂತಿತು.

ಇಲ್ಲಿ ನಮ್ಮ ಸಭೆಯ ಹಿರಿಯರಲ್ಲಿ ಒಬ್ಬರು ಏಳಬಹುದು. ಪ್ರಾಣವು ದೇವರದು, ಕೊಲ್ಲಬಾರದೆಂಬ ಆಜ್ಞೆಯು ಸ್ವಂತ ಪ್ರಾಣಕ್ಕೂ ಸಲ್ಲುತ್ತದೆ, ಹೀಗಿರಲಾಗಿ ನೀವು ಪಾಪವನ್ನು ರೋಗವೆಂದು ಹೇಳಿ ಹಗುರ ಮಾಡುತ್ತೀರೋ, ಎಂದು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ನಾವು ಉತ್ತರ ಕೊಡಲೇಬೇಕು.

ಪ್ರಾಣವು ದೇವರದೆಂಬದನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಸಾಯಲು ಬಯಸಿದ ತನ್ನ ಸೇವಕರೊಂದಿಗೆ ದೇವರು ತಾನೇ ಹೇಗೆ ನಡೆದುಕೊಂಡನೆಂದು ನೋಡಿರಿ. ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಜಯ ಹೊಂದಿದ ಮೇಲೆ ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ತನಗೆ ಮರಣವೇ ಸಾಕೆಂದು ಬೇಡಿಕೊಂಡನು. ಆಗ ದೇವದೂತನು ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ, ಆಜ್ಞೆಗಳನ್ನು ಓದಿಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ಒಂದು ತಂಬಿಗೆ ನೀರನ್ನೂ ಅವನ ತಲೆಯ ಬಳಿ ಇಟ್ಟು, ಮುಟ್ಟಿ ಎಬ್ಬಿಸಿದನು. ಎಲೀಯನು ತಿಂದನು, ಪುನಃ ಮಲಗಿದನು. ದೂತನು ಎರಡನೇ ಸಾರಿಯೂ ಬಂದು ಉಣಿಸಿದನು. ನಾಲ್ವತ್ತು ದಿವಸಗಳ ದಾರಿ ನಡೆದ ಮೇಲೆಯೇ ದೇವರು ಅವನೊಂದಿಗೆ ಮಾತಾಡಿದನು. ಆಗಲೂ ಅವನ ದುಃಖವನ್ನು ಎರಡು ಸಾರಿ ಪೂರ್ತಿಯಾಗಿ ಕೇಳಿದನು. ಬಳಿಕ ಅವನಿಗೆ ಕೆಲಸವನ್ನೂ, ಎಲೀಷನೆಂಬ ಜೊತೆಗಾರನನ್ನೂ ಕೊಟ್ಟನು. ಅನ್ನ, ನಿದ್ರೆ, ಕೇಳುವ ಕಿವಿ, ಕೆಲಸ, ಜೊತೆ: ಮುರಿದ ಮನಸ್ಸಿಗೆ ದೇವರು ಕೊಟ್ಟ ಔಷಧಿಯ ಕ್ರಮ ಇದೇ ಆಗಿದೆ. ಮೋಶೆಯೂ ಯೋಬನೂ ಯೋನನೂ ಸಹ ಸಾವನ್ನು ಬಯಸಿ ಮಾತಾಡಿದವರೇ. ಅವರಲ್ಲಿ ಒಬ್ಬನನ್ನೂ ದೇವರು ತಳ್ಳಿಬಿಡಲಿಲ್ಲ.

ನಮ್ಮ ಸುವಾರ್ತಾ ಸಭೆಗಳಿಗೆ ಪಿತೃಪ್ರಾಯನಾದ ಮಾರ್ಟಿನ್ ಲೂಥರನು ತನ್ನ ಊಟದ ಮೇಜಿನ ಸಂಭಾಷಣೆಯಲ್ಲಿ ಈ ವಿಷಯವನ್ನು ಎತ್ತಿದ್ದುಂಟು. ಹೀಗೆ ಸತ್ತವರೆಲ್ಲರೂ ನಿಶ್ಚಯವಾಗಿ ನರಕಪಾತ್ರರೆಂದು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಕಾಡಿನ ದಾರಿಯಲ್ಲಿ ಕಳ್ಳನ ಕೈಗೆ ಸಿಕ್ಕಿ ಕೊಲೆಯಾದ ಪ್ರಯಾಣಸ್ಥನಿಗೆ ಅವನು ಅವರನ್ನು ಹೋಲಿಸಿದನು. ಈ ಹೋಲಿಕೆಯಿಂದ ಪಾಪವು ಹಗುರವಾಗುವದಿಲ್ಲ. ತೀರ್ಪು ಮಾಡುವ ಪೀಠವು ನಮ್ಮದಲ್ಲವೆಂಬದು ಮಾತ್ರ ನೆನಪಿಗೆ ಬರುತ್ತದೆ. ಮತ್ತೂ ಕಾಡಿನಲ್ಲಿ ಕಳ್ಳನಿದ್ದಾನೆಂದು ಮೊದಲೇ ಬಲ್ಲವರು ಆ ಪ್ರಯಾಣಸ್ಥನನ್ನು ಒಂಟಿಯಾಗಿ ಯಾಕೆ ಬಿಟ್ಟರೆಂಬ ಪ್ರಶ್ನೆಯು ನಮ್ಮ ಕಡೆಗೆ ತಿರುಗುತ್ತದೆ.

ಬೇರೆಯವರ ರಕ್ತ ಚೆಲ್ಲಿದ ಸಿಪಾಯಿಯ ವಿಷಯವಾದರೋ ಇನ್ನೂ ಕಠಿಣವಾದದ್ದು. 2012ರ ಮಾರ್ಚ್ ತಿಂಗಳಲ್ಲಿ ಅಫಘಾನಿಸ್ಥಾನದ ಕಂದಹಾರ ಸೀಮೆಯಲ್ಲಿ ಅಮೇರಿಕಾ ಸೈನ್ಯದ ಒಬ್ಬ ಸಾರ್ಜೆಂಟನು ರಾತ್ರಿ ವೇಳೆ ಪಾಳೆಯದಿಂದ ಹೊರಟುಹೋಗಿ ಹಳ್ಳಿಯ ಮನೆಗಳಲ್ಲಿದ್ದ 16 ಮಂದಿಯನ್ನು ಕೊಂದನು. ಅವರಲ್ಲಿ ಹೆಚ್ಚಿನವರು ಹೆಂಗಸರೂ ಮಕ್ಕಳೂ. ಅದು ಅವನ ನಾಲ್ಕನೆಯ ಯುದ್ಧಸೇವೆಯಾಗಿತ್ತು. ಅವನು ತಪ್ಪನ್ನು ಒಪ್ಪಿಕೊಂಡನು. 2013ರಲ್ಲಿ ಅವನಿಗೆ ಜೀವಾವಧಿ ಸೆರೆ ಆಯಿತು. ಆ ನಿರಪರಾಧಿಗಳ ರಕ್ತಕ್ಕೆ ಯಾವ ಆಯಾಸವೂ ನೆವವಾಗಲಾರದು, ನ್ಯಾಯವು ನಡೆಯಲೇಬೇಕು. ಆದರೆ ದೇವರು ಕಾಯಿನನಿಗೆ ಅವನು ಕೊಲೆ ಮಾಡಿದ ಮೇಲೆ ಮಾತ್ರ ಮಾತಾಡಲಿಲ್ಲ. ಅವನ ಮುಖ ಬಾಡಿದಾಗಲೇ, ಕೈ ಏಳುವದಕ್ಕೆ ಮೊದಲೇ, ಯಾಕೆ ಹೀಗಿದ್ದೀ ಎಂದು ವಿಚಾರಿಸಿದನು. ನ್ಯಾಯಸ್ಥಾನದ ಕೆಲಸ ರಕ್ತ ಬಿದ್ದ ಮೇಲೆ ಶುರುವಾಗುತ್ತದೆ; ಸಹೋದರನ ಕೆಲಸವಾದರೋ ಮುಖ ಬಾಡಿದಾಗಲೇ ಶುರುವಾಗಬೇಕು.

ಈಗ ಫಿಲಿಪ್ಪಿಯ ಸೆರೆಮನೆಗೆ ಬರೋಣ. ಆ ಪಟ್ಟಣವು ಸಿಪಾಯಿಗಳ ಪಟ್ಟಣವೇ. ಕ್ರಿಸ್ತ ಪೂರ್ವ 42ನೇ ವರುಷದಲ್ಲಿ ಅದರ ಸಮೀಪದ ಬಯಲಿನಲ್ಲಿ ದೊಡ್ಡ ಯುದ್ಧವಾಗಿ, ಸೋತ ಪಕ್ಷದ ಸೇನಾಪತಿಗಳಾದ ಕಾಸ್ಸಿಯನೂ ಬ್ರೂತನೂ ಒಬ್ಬನ ಹಿಂದೆ ಒಬ್ಬನು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಅನಂತರ ರೋಮಿನ ಮುದಿ ಸಿಪಾಯಿಗಳಿಗೆ ಅಲ್ಲಿ ಹೊಲಗಳನ್ನು ಹಂಚಿ ಒಕ್ಕಲಿಟ್ಟರು. ಸೋತವನು ಕತ್ತಿಯ ಮೇಲೆ ಬೀಳುವದೇ ಗೌರವವೆಂದು ಎಣಿಸುವ ಜನರು ಅವರು.

ಅಂಥ ಊರಿನಲ್ಲಿ ಸೆರೆಮನೆಯ ಯಜಮಾನನು ಭೂಕಂಪದಿಂದ ಎಚ್ಚತ್ತು, ಬಾಗಲುಗಳು ತೆರೆದಿರುವದನ್ನು ಕಂಡನು. ಕೈದಿಗಳು ಓಡಿಹೋದರೆ ಕಾವಲುಗಾರನ ತಲೆ ಹೋಗುವ ಕಾಲ ಅದು. ಶಿಕ್ಷೆಯ ಭಯವೂ ಅವಮಾನವೂ ಒಂದೇ ಗಳಿಗೆಯಲ್ಲಿ ಅವನ ಮೇಲೆ ಬಿದ್ದವು. ಅವನು ಕತ್ತಿಯನ್ನು ಹಿರಿದನು. ಆಗ ಒಳಗಿನ ಕತ್ತಲೆಯಿಂದ ಪೌಲನು ಮಹಾಶಬ್ದದಿಂದ ಕೂಗಿದನು. ತನಗೆ ಹಾನಿ ಮಾಡಿಕೊಳ್ಳಬಾರದೆಂದೂ, ತಾವೆಲ್ಲರೂ ಅಲ್ಲಿಯೇ ಇದ್ದೇವೆಂದೂ ಹೇಳಿದನು. ಆ ಕೂಗಿನಿಂದ ಕತ್ತಿಯು ನಿಂತಿತು. ಬೆಳಗಾಗುವಷ್ಟರಲ್ಲಿ ಆ ಮನುಷ್ಯನು ಮನೆಮಂದಿಯೆಲ್ಲರ ಸಹಿತ ದೀಕ್ಷಾಸ್ನಾನ ಹೊಂದಿ, ಅಪೊಸ್ತಲರ ಗಾಯಗಳನ್ನು ತೊಳೆದು ಅವರಿಗೆ ಊಟ ಬಡಿಸಿದ್ದನು.

ಪ್ರಿಯರೇ, ಪೌಲನು ಸುಮ್ಮನಿರಬಹುದಾಗಿತ್ತು. ಅವನ ಕಾಲುಗಳನ್ನು ಕೋಳದಲ್ಲಿ ಬಿಗಿದವನು ಇವನೇ, ಬೆನ್ನಿನ ಗಾಯಗಳು ಇನ್ನೂ ಹಸಿಯಾಗಿದ್ದವು, ಬಾಗಲು ತೆರೆದಿತ್ತು. ಇದು ಅವನ ಪಾಡು, ನಮಗೇನು, ಎನ್ನುವದಕ್ಕೆ ಪೌಲನಿಗಿಂತ ಹೆಚ್ಚಿನ ಕಾರಣ ಯಾರಿಗಿದ್ದೀತು? ಆದರೂ ಅವನು ಕೂಗಿದನು. ಉಪಾಯಕ್ಕಾಗಿ ಯೋಚಿಸುತ್ತಾ ಕೂತುಕೊಳ್ಳಲಿಲ್ಲ. ಬೈಯಲೂ ಇಲ್ಲ. ನೀನು ಒಂಟಿಯಲ್ಲ, ನಾವು ಇಲ್ಲಿದ್ದೇವೆ ಎಂಬ ಸಂಗತಿಯನ್ನು ತಿಳಿಸಿದನು, ಅಷ್ಟೇ. ನಾವು ಕೇಳಿದ ಪ್ರಶ್ನೆಗೆ ಉತ್ತರವು ಇಲ್ಲಿಯೇ ಸಿಕ್ಕುತ್ತದೆ: ಕತ್ತಿ ಹಿರಿದವನ ಪ್ರಾಣಕ್ಕೆ, ಅವನ ಸಮೀಪದಲ್ಲಿರುವವರೆಲ್ಲರೂ ಕಾವಲುಗಾರರಾಗಿದ್ದಾರೆ.

ಇದು ಬರೀ ಪ್ರಸಂಗದ ಮಾತಲ್ಲವೆಂಬದಕ್ಕೆ ನಮ್ಮ ಕಾಲದಲ್ಲೇ ಸಾಕ್ಷಿ ಉಂಟು. ಅಮೇರಿಕಾದ ವಿಮಾನಸೈನ್ಯದವರು 1996ರಲ್ಲಿ ತಮ್ಮೊಳಗಿನ ಆತ್ಮಹತ್ಯೆಗಳಿಗಾಗಿ ಮರುಗಿ ಒಂದು ಹೊಸ ಕ್ರಮವನ್ನು ಆರಂಭಿಸಿದರು. ಸಹಾಯ ಕೇಳುವದು ನಾಚಿಕೆಯ ಕೆಲಸವಲ್ಲವೆಂದು ಸೇನಾಪತಿಗಳೇ ಪದೇಪದೇ ಹೇಳಬೇಕು. ಜೊತೆಗಾರನ ದುಃಖದ ಗುರುತುಗಳನ್ನು ತಿಳಿಯಲು ಪ್ರತಿಯೊಬ್ಬನಿಗೂ ಕಲಿಸಬೇಕು. ತಪ್ಪಿಗಾಗಿ ವಿಚಾರಣೆಗೆ ಗುರಿಯಾದವನನ್ನು ಆ ವೇಳೆಯಲ್ಲಿ ವಿಶೇಷವಾಗಿ ನೋಡಿಕೊಳ್ಳಬೇಕು ಎಂಬವು ಆ ಕ್ರಮದಲ್ಲಿ ಸೇರಿದ್ದವು. ಆರಂಭಕ್ಕೆ ಮೊದಲಿನ ವರುಷಗಳನ್ನೂ ಅನಂತರದ ವರುಷಗಳನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆತ್ಮಹತ್ಯೆಯ ಅಪಾಯವು ಮೂರರಲ್ಲಿ ಒಂದು ಪಾಲು ಇಳಿದಿತ್ತು. ಅಷ್ಟೇ ಅಲ್ಲ, ಕೊಲೆಯೂ ಮನೆಯೊಳಗಿನ ಕ್ರೂರ ಹೊಡೆದಾಟವೂ ಅರ್ಧದಷ್ಟು ಕಡಿಮೆಯಾಗಿದ್ದವು. ಸೌಲನ ಈಟಿಯೂ ಕತ್ತಿಯೂ ಒಂದೇ ಕೈಯವೆಂದು ನಾವು ಹೇಳಿದೆವಲ್ಲವೇ? ಒಂದನ್ನು ತಡೆದವರು ಇನ್ನೊಂದನ್ನೂ ತಡೆದಂತಾಯಿತು.

ಇಸ್ರಾಯೇಲ್ ದೇಶದ ಸೈನ್ಯದಲ್ಲಿ ಎಳೇ ಪ್ರಾಯದ ಸಿಪಾಯಿಗಳು ವಾರದ ಕಡೆಗೆ ಮನೆಗೆ ಹೋಗುವಾಗ ಬಂದೂಕನ್ನು ಜೊತೆಗೆ ಒಯ್ಯುವ ರೂಢಿ ಇತ್ತು. 2006ರಲ್ಲಿ ಅದನ್ನು ಪಾಳೆಯದಲ್ಲಿಯೇ ಬಿಟ್ಟುಹೋಗಬೇಕೆಂದು ಅಪ್ಪಣೆಯಾಯಿತು. ಅವರೊಳಗಿನ ಆತ್ಮಹತ್ಯೆಗಳು ನೂರಕ್ಕೆ ನಾಲ್ವತ್ತರಷ್ಟು ಕಡಿಮೆಯಾದವು. ಬಂದೂಕು ಕೈಯಲ್ಲಿದ್ದ ಬೇರೆ ದಿವಸಗಳಲ್ಲಿ ಅವು ಹೆಚ್ಚಾಗಲೂ ಇಲ್ಲ. ಇದರ ಅರ್ಥವೇನು? ಸಾಯಬೇಕೆಂಬ ಶೋಧನೆಯು ಅನೇಕರಿಗೆ ಒಂದು ಗಾಳಿಮಳೆಯಂತೆ ಬಂದು ಹೋಗುತ್ತದೆ. ಆ ಗಳಿಗೆಯಲ್ಲಿ ಆಯುಧವು ಕೈಗೆ ದೂರವಾಗಿದ್ದರೆ ಪ್ರಾಣವು ಉಳಿಯುತ್ತದೆ, ಉಳಿದ ಪ್ರಾಣವು ಬಾಳುತ್ತದೆ. ಹೊಲದ ಮನೆಗಳಲ್ಲಿ ಬೆಳೆಗೆ ಹೊಡೆಯುವ ವಿಷದ ಡಬ್ಬಿಯನ್ನು ಅಟ್ಟದ ಮೇಲೋ ಮಂಚದ ಕೆಳಗೋ ಇಡುವವರು ಈ ಮಾತನ್ನು ಕೇಳಲಿ. ಅದನ್ನು ಬೀಗದೊಳಗೆ ಇಡಲಿ.

ಇನ್ನು ನಮ್ಮ ಸ್ವಂತ ಅಂಗಳವನ್ನು ನೋಡಿಕೊಳ್ಳೋಣ. ನಮ್ಮ ಸಿಪಾಯಿಗಳ ಮನೋವ್ಯಥೆಗೆ ಕಾರಣಗಳನ್ನು ಎಣಿಸುವಾಗ ಸರಕಾರದವರು ಕೆಲಸದ ಒತ್ತಡದ ಸಂಗಡ ಮನೆಯ ತೊಂದರೆಗಳನ್ನೂ ಗಂಡಹೆಂಡರ ವಿರಸವನ್ನೂ ಹಣದ ಮುಗ್ಗಟ್ಟನ್ನೂ ಹೇಳುತ್ತಾರೆ. ಹಾಗಾದರೆ ಈ ವ್ಯಥೆಯ ಒಂದು ಬೇರು ನಮ್ಮ ಹಿತ್ತಲಲ್ಲಿ ಇದೆ. ಮಗನು ಹಿಮದ ಬೆಟ್ಟದಲ್ಲಿ ರಾತ್ರಿ ಕಾವಲು ಮುಗಿಸಿ ಬಂದು ಟೆಲಿಫೋನು ಎತ್ತುತ್ತಾನೆ. ತಾಯಿಯು ಸೊಸೆಯ ದೂರು ಹೇಳುತ್ತಾಳೆ. ಹೆಂಡತಿಯು ಅತ್ತೆಯ ದೂರು ಹೇಳಿ ಅಳುತ್ತಾಳೆ. ತಮ್ಮನು, ದಾಯಾದಿಯು ಬದುವನ್ನು ಒತ್ತಿದ್ದಾನೆ, ನೀನು ಗಂಡಸಾದರೆ ರಜೆ ಹಾಕಿ ಬಾ, ಎನ್ನುತ್ತಾನೆ. ರಜೆ ಅವನ ಕೈಯಲ್ಲಿಲ್ಲ. ಅವನು ಪಕ್ಕದಲ್ಲಿ ಬಂದೂಕನ್ನು ಇಟ್ಟುಕೊಂಡು ಬೆಳಗಿನ ತನಕ ಎಚ್ಚರವಾಗಿರುತ್ತಾನೆ. ಆ ರಾತ್ರಿಯ ಲೆಕ್ಕವನ್ನು ಬರೀ ಶತ್ರುವಿನ ಹೆಸರಿಗೆ ಬರೆಯಬಹುದೋ?

ಆದದರಿಂದ ಪ್ರತಿ ಸಭೆಯವರೂ ಕೆಲವು ಕೆಲಸಗಳನ್ನು ತಮ್ಮ ಮೇಲೆ ಹಾಕಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇವೆ. ಸಿಪಾಯಿಯ ಮನೆಯಲ್ಲಿ ಜಗಳ ಎದ್ದರೆ ಸಭೆಯ ಹಿರಿಯರು ಅದನ್ನು ಊರಲ್ಲಿಯೇ ಸಮಾಧಾನಪಡಿಸಲಿ; ಸುಳ್ಳು ಹೇಳಬೇಡಿರಿ, ಆದರೆ ಪ್ರತಿಯೊಂದು ಕಿಡಿಯನ್ನೂ ಗಡಿಗೆ ಕಳುಹಿಸಬೇಡಿರಿ. ಅವನ ಹೊಲದ ಬದುವನ್ನು ನೆರೆಯವರು ಕಾಯಲಿ. ಯುದ್ಧ ಮೊದಲಾದ ವಿಶೇಷ ಸ್ಥಿತಿಯಲ್ಲಿ ಸೇವೆ ಮಾಡುವ ಸಿಪಾಯಿಯು ಕೋರ್ಟಿಗೆ ಬರಲಾರದೆ ವ್ಯಾಜ್ಯವನ್ನು ಕಳಕೊಳ್ಳಬಾರದೆಂದು, ವಿಚಾರಣೆಯನ್ನು ತಡೆದಿಡಲು ಅವಕಾಶ ಕೊಡುವ ಕಾಯಿದೆ 1925ರಿಂದಲೇ ಇದೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಹಾಯ ಕೇಳಬಹುದು. ಓದುಬರಹ ಬಲ್ಲ ಯೌವನಸ್ಥರು ಅಂಥ ಮನೆಯವರ ಸಂಗಡ ಹೋಗಿ ಅರ್ಜಿ ಬರೆದುಕೊಡಲಿ.

ಅವನು ರಜೆಯಲ್ಲಿ ಬಂದಾಗ, ಯುದ್ಧದ ಕಥೆ ಹೇಳೆಂದು ಪೀಡಿಸುವದನ್ನು ಬಿಟ್ಟು, ಅವನ ಮುಖವನ್ನು ನೋಡಿರಿ. ನಿದ್ರೆ ಇಲ್ಲದಿರುವದು, ಕುಡಿತ ಹೆಚ್ಚುವದು, ಸಣ್ಣ ಮಾತಿಗೆ ಕೈ ಎತ್ತುವದು, ಜನರಿಂದ ಅಡಗುವದು, ತನ್ನ ವಸ್ತುಗಳನ್ನು ಹಂಚಿಬಿಡುವದು, ನಾನು ನಿಮಗೆ ಭಾರವೆಂದು ಹೇಳುವದು, ಇವು ಕತ್ತಿ ಹಿರಿಯುವದಕ್ಕೆ ಮುಂಚಿನ ಗುರುತುಗಳು. ಇಂಥ ಗುರುತು ಕಂಡರೆ, ಸಾಯಬೇಕೆಂಬ ಯೋಚನೆ ನಿನಗೆ ಬರುತ್ತದೋ, ಎಂದು ಮೆಲ್ಲನೆ ನೆಟ್ಟಗೆ ಕೇಳಿರಿ. ಕೇಳಿದ ಮಾತ್ರದಿಂದ ಆ ಯೋಚನೆ ಹುಟ್ಟೀತೆಂಬದು ತಪ್ಪು ತಿಳುವಳಿಕೆ. ಕೇಳಿದರೆ ಭಾರವು ಇಳಿಯುತ್ತದೆಂದು ಬಲ್ಲವರು ಹೇಳುತ್ತಾರೆ. ಬಳಿಕ ಅವನನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರಕೊಂಡು ಹೋಗಿರಿ. 2022ರ ಅಕ್ಟೋಬರದಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಖರ್ಚಿಲ್ಲದೆ ಕರೆಯಬಹುದು, ಕನ್ನಡದಲ್ಲಿಯೂ ಮಾತಾಡುವವರಿದ್ದಾರೆ. ಸಿಪಾಯಿಗಳಿಗೂ ಅವರ ಮನೆಯವರಿಗೂ ಅದರದೇ ಒಂದು ವಿಭಾಗವನ್ನು 2023ರ ದಶಂಬರದಲ್ಲಿ ಪುಣೆಯ ಸೈನಿಕ ವೈದ್ಯಕೀಯ ಕಾಲೇಜಿನಲ್ಲಿ ತೆರೆದರು. ಪ್ರಾರ್ಥನೆ ಸಾಕಾಗದೋ, ವೈದ್ಯರು ಯಾಕೆ, ಎಂದು ಯಾರೂ ಹೇಳಬಾರದು. ಕಾಲು ಮುರಿದವನಿಗಾಗಿ ಪ್ರಾರ್ಥಿಸುತ್ತಲೇ ನಾವು ಅವನನ್ನು ಆಸ್ಪತ್ರೆಗೆ ಒಯ್ಯುವದಿಲ್ಲವೇ?

ಕಡೆಯದಾಗಿ, ಎಲ್ಲರೂ ಕಾದರೂ ಕೈತಪ್ಪಿಹೋದವರ ಮನೆಗಳ ವಿಷಯ. ಯಾಬೇಷ್ ಗಿಲ್ಯಾದಿನ ಶೂರರು ರಾತ್ರಿಯೆಲ್ಲಾ ನಡೆದು ಹೋಗಿ ಸೌಲನ ಶರೀರವನ್ನು ಶತ್ರುವಿನ ಗೋಡೆಯಿಂದ ಇಳಿಸಿ ತಂದು, ಅವನ ಎಲುಬುಗಳನ್ನು ಮರ್ಯಾದೆಯಿಂದ ಮಣ್ಣುಮಾಡಿ, ಏಳು ದಿವಸ ಉಪವಾಸವಿದ್ದರು. ಈಟಿಯ ಏಟಿನಿಂದ ತಪ್ಪಿಸಿಕೊಂಡ ದಾವೀದನೇ ಅವನಿಗಾಗಿ ಶೋಕಗೀತವನ್ನು ಹಾಡಿದನು. ಆ ಗೀತದಲ್ಲಿ ಅವನು ಸತ್ತ ರೀತಿಯ ಕುರಿತು ನಿಂದೆಯ ಮಾತು ಒಂದೂ ಇಲ್ಲ. ಪ್ರಾಣ ಕಳಕೊಳ್ಳಲು ಯತ್ನಿಸಿದವನನ್ನು ಮಹಾ ಒತ್ತಡಕ್ಕೆ ಸಿಕ್ಕಿದವನೆಂದು ಎಣಿಸಿ, ಶಿಕ್ಷಿಸದೆ ಆರೈಕೆ ಮಾಡಬೇಕೆಂದು ನಮ್ಮ ದೇಶದ ಕಾಯಿದೆಯೇ 2017ರಲ್ಲಿ ಹೇಳಿತು. ಸರಕಾರದ ಕಾಯಿದೆಗಿಂತ ಕ್ರಿಸ್ತನ ಸಭೆಯು ಕಠಿಣವಾಗಬಹುದೋ? ಅಂಥ ವಿಧವೆಯ ಮನೆಗೆ ಸಭೆಯವರೆಲ್ಲರೂ ಹೋಗಲಿ, ಮೊದಲನೇ ವಾರ ಮಾತ್ರವಲ್ಲ, ಆರು ತಿಂಗಳಾದ ಮೇಲೆಯೂ ಹೋಗಲಿ. ಅವಳ ಮಕ್ಕಳನ್ನು ಶಾಲೆಯಲ್ಲಿ ಯಾರೂ ಹೀನೈಸದಂತೆ ನೋಡಿಕೊಳ್ಳಲಿ.

ಬರುವ ಆದಿತ್ಯವಾರ ಸಿಪಾಯಿಗಳಿಗೋಸ್ಕರ ಪ್ರಾರ್ಥಿಸುವಾಗ ಪೂರ್ತಿಯಾಗಿ ಪ್ರಾರ್ಥಿಸೋಣ. ಅವರನ್ನು ಶತ್ರುವಿನ ಗುಂಡಿನಿಂದ ಕಾಯುವಂತೆಯೂ, ನಿದ್ರೆಯಿಲ್ಲದ ರಾತ್ರಿಯಲ್ಲಿ ಅವರ ಕೈಯನ್ನು ಹಿಡಿಯುವಂತೆಯೂ ಬೇಡೋಣ. ಆರಾಧನೆ ಮುಗಿದ ಮೇಲೆ ಮನೆಗೆ ಹೋಗಿ, ನಮ್ಮ ಊರಿನಿಂದ ಹೋದ ಒಬ್ಬ ಮಗನಿಗೆ ಆ ದಿವಸವೇ ಟೆಲಿಫೋನು ಮಾಡೋಣ. ದೂರು ಹೇಳುವದಕ್ಕಲ್ಲ, ಹಣ ಕೇಳುವದಕ್ಕಲ್ಲ. ಮಗನೇ, ಉಂಡೆಯಾ, ನಿದ್ದೆ ಬಂತಾ, ಹೊಲ ಚೆನ್ನಾಗಿದೆ, ನಾವೆಲ್ಲಾ ಇದ್ದೇವೆ, ಎಂದು ಹೇಳುವದಕ್ಕೆ. ಕಾವಲುಗಾರನನ್ನು ಕಾಯುವ ಕರ್ತನು ನಮ್ಮ ಈ ಸಣ್ಣ ಕೂಗನ್ನೂ ಉಪಯೋಗಿಸುವನು. ಆಮೆನ್.